ಮಷೀನ್ ಕೊಳ್ಳುವ ಮೊದಲು ಮಾಸ್ಕ್ ಹಾಕಿ ನೋಡಿ

ನಿಮ್ಮ ಸಂಘದವರು ಈ ಮಾತಿಗೆ ಕರೆದಾಗ ಒಂದೇ ಪ್ರಶ್ನೆ ಕಳಿಸಿದ್ದರು. "ಸ್ಲೀಪ್ ಆಪ್ನಿಯಾಗೆ ಯಾವ ಮಷೀನ್ ಒಳ್ಳೇದು?" ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ, ಮಷೀನ್ ಅಂದರೆ ಮುಖಕ್ಕೆ ಹಾಕಿದ ಮಾಸ್ಕ್ ಮೂಲಕ ಗಾಳಿ ಒತ್ತಿ ಕಳಿಸುವ ಯಂತ್ರ. ನಾನು ಸ್ಲೀಪ್ ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ರಾತ್ರಿ ಜನರಿಗೆ ವೈರ್ ಅಂಟಿಸಿ ಮಲಗಿಸುವುದು, ಅವರ ಉಸಿರಾಟ ನೋಡುತ್ತಾ ಕೂರುವುದು, ಬೆಳಿಗ್ಗೆ ಮಾಸ್ಕ್ ಅಳತೆ ಹಿಡಿಯುವುದು ನನ್ನ ಕೆಲಸ. ಈ ಪ್ರಶ್ನೆ ದಿನಾ ನನ್ನ ಕಿವಿಗೆ ಬೀಳುತ್ತದೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಗಿನವರೆಗೂ ನಿಮ್ಮ ಮುಖದ ಮೇಲೆ ಉಳಿಯುವ ಮಷೀನೇ ಒಳ್ಳೆಯ ಮಷೀನು. ಅದು ಉಳಿಯುತ್ತದೋ ಇಲ್ಲವೋ ಅನ್ನುವುದು ಬಹುಪಾಲು ಮಾಸ್ಕ್ ಮೇಲೆ ನಿಂತಿದೆ. ನಮ್ಮ ಜನ ಮೊದಲು ಕಂಪನಿ ಹೆಸರು ಕೇಳುತ್ತಾರೆ, ಆಮೇಲೆ ರೇಟು, ಕೊನೆಗೆ ಅಂಗಡಿಯವರು ಡಬ್ಬದಲ್ಲಿ ಹಾಕಿಕೊಟ್ಟ ಮಾಸ್ಕನ್ನು ಮನೆಗೆ ಹೋಗಿ ತೆರೆದು ನೋಡುತ್ತಾರೆ. ಇವತ್ತು ನಾನು ಹೇಳುವುದೆಲ್ಲ ಈ ಕ್ರಮ ಬದಲಾಯಿಸಿ ಅನ್ನುವುದಕ್ಕೇ.

ಕಾಯಿಲೆ ಏನು ಅಂತ ಚುಟುಕಾಗಿ ಹೇಳುತ್ತೇನೆ, ಅದಿಲ್ಲದೆ ಮಷೀನ್ ಅರ್ಥವಾಗುವುದಿಲ್ಲ. ನಿದ್ರೆ ಹತ್ತಿದ ಮೇಲೆ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಎಲ್ಲರಿಗೂ ಆಗುತ್ತದೆ. ಆದರೆ ಕೆಲವರಿಗೆ ಗಂಟಲಿನ ದಾರಿಯೇ ಇಕ್ಕಟ್ಟು. ದಪ್ಪ ಕುತ್ತಿಗೆ ಇರಬಹುದು, ಗದ್ದ ಹಿಂದಕ್ಕಿರಬಹುದು, ಟಾನ್ಸಿಲ್ ದೊಡ್ಡದಿರಬಹುದು. ಅಂಥವರಿಗೆ ದಾರಿ ಮುಚ್ಚಿಕೊಳ್ಳುತ್ತದೆ. ಎದೆ, ಹೊಟ್ಟೆ ಉಸಿರಿಗಾಗಿ ಎಳೆಯುತ್ತಲೇ ಇರುತ್ತವೆ, ಗಾಳಿ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತದೆ. ಮೆದುಳು ಒಂದು ಕ್ಷಣ ಎಬ್ಬಿಸುತ್ತದೆ, ಜೋರು ಗೊರಕೆಯ ಜೊತೆ ಉಸಿರು ಮತ್ತೆ ಶುರುವಾಗುತ್ತದೆ. ಮಲಗಿದವರಿಗೆ ಇದ್ಯಾವುದೂ ನೆನಪಿರುವುದಿಲ್ಲ. ಪಕ್ಕದಲ್ಲಿ ಮಲಗಿದವರು ಮಾತ್ರ ಉಸಿರು ಮತ್ತೆ ಬರುತ್ತದೋ ಇಲ್ಲವೋ ಅಂತ ಕಾಯುತ್ತಾ ಎದ್ದು ಕೂತಿರುತ್ತಾರೆ. ಅದಕ್ಕೇ ಲ್ಯಾಬ್‌ಗೆ ಬರುವಾಗ ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಅರ್ಧ ರೋಗದ ಕಥೆ ಅವರ ಹತ್ತಿರ ಇರುತ್ತದೆ. ದಪ್ಪಗಿರುವವರಿಗೇ ಬರುವ ಕಾಯಿಲೆ ಅಂತ ಅಂದುಕೊಳ್ಳಬೇಡಿ. ತೆಳ್ಳಗಿದ್ದು ಗದ್ದ ಸಣ್ಣದಿರುವವರನ್ನೂ ನಾನು ಬೇಕಾದಷ್ಟು ನೋಡಿದ್ದೇನೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಜಾಸ್ತಿಯಾಗುತ್ತದೆ. ಅವರು ಗೊರಕೆ ಅನ್ನುವುದಿಲ್ಲ, ಸುಸ್ತು, ನಿದ್ರೆ ಬರಲ್ಲ, ಬೆಳಿಗ್ಗೆ ತಲೆನೋವು ಅನ್ನುತ್ತಾರೆ.

ಈಗ ರಿಪೋರ್ಟ್. ಮಷೀನ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಕೈಯಲ್ಲಿ ಸ್ಲೀಪ್ ಸ್ಟಡಿ, ಅಂದರೆ ಮಲಗಿದಾಗಿನ ಉಸಿರಾಟ ದಾಖಲಿಸುವ ಪರೀಕ್ಷೆಯ ರಿಪೋರ್ಟ್ ಇರಲೇಬೇಕು. ಅದರಲ್ಲಿ ಎಎಚ್‌ಐ ಅಂತ ಒಂದು ಸಂಖ್ಯೆ ಇರುತ್ತದೆ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅನ್ನುವ ಲೆಕ್ಕ ಅದು. ಲೆಕ್ಕಕ್ಕೆ ಸೇರಬೇಕಾದರೆ ಪ್ರತಿ ಸಲವೂ ಕನಿಷ್ಠ 10 ಸೆಕೆಂಡ್ ಆಗಬೇಕು. 5ರಿಂದ 15ರ ಒಳಗೆ ಇದ್ದರೆ ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಎಲ್ಲರೂ ಈ ಸಂಖ್ಯೆ ನೋಡಿ ಹೆದರುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ. ಮಷೀನ್ ಆರಿಸುವುದಕ್ಕೆ ಅದಕ್ಕಿಂತ ಮುಖ್ಯವಾದ ಸಾಲು ಕೆಳಗಿದೆ. ಗಂಟಲು ಮುಚ್ಚಿ ಉಸಿರು ನಿಂತದ್ದು ಎಷ್ಟು, ಮೆದುಳೇ ಉಸಿರಾಡು ಅಂತ ಹೇಳದೆ ನಿಂತದ್ದು ಎಷ್ಟು. ಮೊದಲನೆಯದು ಅಬ್‌ಸ್ಟ್ರಕ್ಟಿವ್, ಎರಡನೆಯದು ಸೆಂಟ್ರಲ್. ಸೆಂಟ್ರಲ್ ಜಾಸ್ತಿ ಇದ್ದರೆ ಮಾಮೂಲಿ ಮಷೀನ್ ಸಾಲದೇ ಹೋಗಬಹುದು, ಮೊದಲು ಹೃದಯ ಪರೀಕ್ಷೆಯೇ ಬೇಕಾಗಬಹುದು.

ಮನೆಯಲ್ಲೇ ಮಾಡುವ ಸ್ಟಡಿ ಸಾಕಾ ಅಂತ ಕೇಳುತ್ತಾರೆ. ಗೊರಕೆ, ಹಗಲು ತೂಕಡಿಕೆ, ಬಿಪಿ ಎಲ್ಲಾ ಇದ್ದು ಬೇರೆ ದೊಡ್ಡ ಕಾಯಿಲೆ ಇಲ್ಲದಿದ್ದರೆ ಬಹಳ ಸಲ ಸಾಕು. ಆದರೆ ಸಾಮಾನ್ಯವಾಗಿ ಅದರಲ್ಲಿ ಮೆದುಳಿನ ಅಲೆ ದಾಖಲಾಗುವುದಿಲ್ಲ, ನೀವು ನಿಜವಾಗಿ ಎಷ್ಟು ಹೊತ್ತು ಮಲಗಿದ್ದಿರಿ ಅಂತ ಅದಕ್ಕೆ ತಿಳಿಯುವುದಿಲ್ಲ, ಎದ್ದು ಹೊರಳಾಡಿದ ಹೊತ್ತೂ ಭಾಗಾಕಾರಕ್ಕೆ ಸೇರಿ ಸಂಖ್ಯೆ ಕಡಿಮೆ ಬರುತ್ತದೆ. ಹೃದಯ ದುರ್ಬಲವಾದವರು, ಪಾರ್ಶ್ವವಾಯು ಆದವರು, ಶ್ವಾಸಕೋಶದ ಕಾಯಿಲೆ ಇರುವವರು ಲ್ಯಾಬ್‌ನಲ್ಲೇ ಮಲಗುವುದು ಒಳ್ಳೇದು. ನಿಮ್ಹಾನ್ಸ್‌ನಂಥ ಸಂಸ್ಥೆಯಲ್ಲಿ ಇದೆ, ದೊಡ್ಡ ಊರುಗಳ ಶ್ವಾಸಕೋಶ ವಿಭಾಗಗಳಲ್ಲೂ ಮಾಡುತ್ತಾರೆ.

ಈ ಚಿಕಿತ್ಸೆ ಹುಟ್ಟಿದ ಕಥೆ ಸ್ವಲ್ಪ ಹೇಳಬೇಕು, ನನಗೆ ತುಂಬಾ ಇಷ್ಟದ್ದು. 1980ರವರೆಗೂ ತೀವ್ರ ಆಪ್ನಿಯಾಗೆ ಇದ್ದ ಗಟ್ಟಿ ಉಪಾಯ ಅಂದರೆ ಕುತ್ತಿಗೆಯಲ್ಲಿ ರಂಧ್ರ ಮಾಡುವುದು. ಸಿಡ್ನಿಯ ಕಾಲಿನ್ ಸಲ್ಲಿವನ್ ಅನ್ನುವ ವೈದ್ಯರು ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟರೆ ಗಂಟಲು ಮುಚ್ಚುವುದಿಲ್ಲ ಅಂತ ತೋರಿಸಿದರು. 1981ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಐದು ರೋಗಿಗಳ ವಿವರ ಬರೆದರು. ಆ ಕಾಲದ ಮಷೀನ್‌ಗಳಿಗೆ ವ್ಯಾಕ್ಯೂಮ್ ಕ್ಲೀನರ್ ಮೋಟರೇ ಗತಿ. ಮಾಸ್ಕನ್ನು ಒಬ್ಬೊಬ್ಬರ ಮೂಗಿನ ಅಚ್ಚು ತೆಗೆದು ಮಾಡಿ, ಪ್ರತಿ ರಾತ್ರಿ ಸಿಲಿಕೋನ್ ಅಂಟು ಹಾಕಿ ಕೂರಿಸುತ್ತಿದ್ದರು. ನೋಡಿ, ಮೋಟರ್ ಎಲ್ಲಿಂದಲೋ ತಂದರು, ಮಾಸ್ಕ್ ಮಾತ್ರ ಅವರವರ ಮುಖಕ್ಕೇ ಮಾಡಿದರು.

ಮಷೀನ್ ಮಾಡುವ ಕೆಲಸ ಬಹಳ ಸರಳ. ತೋಟಕ್ಕೆ ನೀರು ಹಾಯಿಸುವ ಚಪ್ಪಟೆ ಪೈಪ್ ನೋಡಿದ್ದೀರಲ್ಲ, ಮೋಟರ್ ಓಡುವಾಗ ಗುಂಡಗೆ ನಿಲ್ಲುತ್ತದೆ, ನಿಂತರೆ ಮಲಗಿಬಿಡುತ್ತದೆ. ಗಂಟಲೂ ಹಾಗೇ, ಒಳಗೆ ಗಾಳಿಯ ಒತ್ತಡ ಇರುವಷ್ಟು ಹೊತ್ತು ತೆರೆದಿರುತ್ತದೆ. ಮಷೀನ್ ಆಕ್ಸಿಜನ್ ಕೊಡುವುದಿಲ್ಲ, ನಿಮ್ಮ ಕೋಣೆಯ ಗಾಳಿಯನ್ನೇ ಒತ್ತಿ ಕಳಿಸುತ್ತದೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ ಕೋವಿಡ್ ಆದ ಮೇಲೆ ಎಷ್ಟೋ ಮನೆಗಳಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಉಳಿದಿದೆ. ರಾತ್ರಿ ಆಕ್ಸಿಜನ್ ಇಳಿಯುತ್ತದಲ್ಲ, ಇದನ್ನೇ ಹಾಕಿಕೊಳ್ಳುತ್ತೇನೆ ಅಂತ ಬರುತ್ತಾರೆ. ಮುಚ್ಚಿದ ಗಂಟಲಿನ ಮುಂದೆ ಆಕ್ಸಿಜನ್ ಬಿಟ್ಟರೆ ಗಂಟಲು ತೆರೆಯುವುದಿಲ್ಲ. ಕೆಲವರಿಗೆ ಉಸಿರು ನಿಲ್ಲುವ ಹೊತ್ತು ಇನ್ನೂ ಉದ್ದವಾಗುತ್ತದೆ.

ಸರಿ, ವಿಧಗಳಿಗೆ ಬರೋಣ. ಸಿಪ್ಯಾಪ್ ಅಂದರೆ ರಾತ್ರಿಯೆಲ್ಲಾ ಒಂದೇ ಒತ್ತಡ. ಆಟೋ ಸಿಪ್ಯಾಪ್ ಅಂದರೆ ನಿಮ್ಮ ಉಸಿರು ನೋಡಿಕೊಂಡು ತಾನೇ ಒತ್ತಡ ಏರಿಸಿ ಇಳಿಸುತ್ತದೆ. ಅಂಗಾತ ಮಲಗಿದಾಗ ಜಾಸ್ತಿ ಬೇಕು, ಮಗ್ಗುಲಾದರೆ ಕಡಿಮೆ ಸಾಕು, ಅದಕ್ಕೆ ಹೊಂದಿಕೊಳ್ಳುತ್ತದೆ. ಇವೆರಡೂ ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದವರೆಗೆ ಕೊಡುತ್ತವೆ. ಬೈಪ್ಯಾಪ್‌ನಲ್ಲಿ ಉಸಿರು ಎಳೆದುಕೊಳ್ಳುವಾಗ ಒಂದು ಒತ್ತಡ, ಬಿಡುವಾಗ ಇನ್ನೊಂದು, ಕಡಿಮೆ ಒತ್ತಡ. ಬರೀ ಗಂಟಲು ಮುಚ್ಚುವ ಕಾಯಿಲೆ ಇರುವ ಬಹುಪಾಲು ಜನಕ್ಕೆ ಆಟೋ ಸಿಪ್ಯಾಪ್ ಸಾಕು. ಬೈಪ್ಯಾಪ್ ದುಬಾರಿ, ಹಾಗಾಗಿ ಅದೇ ಮೇಲು ಅಂತ ಜನ ತಿಳಿಯುತ್ತಾರೆ. ಅದು ಬೇರೆ ಕೆಲಸದ ಮಷೀನು. ತುಂಬಾ ದಪ್ಪಗಿದ್ದು ಹಗಲಲ್ಲೂ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದವರಿಗೆ, ಸ್ನಾಯು ದುರ್ಬಲವಾಗುವ ಕಾಯಿಲೆಯವರಿಗೆ, ತುಂಬಾ ಹೆಚ್ಚು ಒತ್ತಡ ಬೇಕಾಗಿ ಉಸಿರು ಬಿಡಲು ಕಷ್ಟಪಡುವವರಿಗೆ ಅದು ಬೇಕು. ಇದನ್ನು ರಿಪೋರ್ಟ್ ನೋಡಿದ ವೈದ್ಯರು ಹೇಳಬೇಕು, ಮಾರುವವರಲ್ಲ.

ಎಎಸ್‌ವಿ ಅಂತ ಇನ್ನೊಂದಿದೆ, ಸೆಂಟ್ರಲ್ ಆಪ್ನಿಯಾಗೆ. 2015ರಲ್ಲಿ ಸರ್ವ್-ಎಚ್‌ಎಫ್ ಅನ್ನುವ ದೊಡ್ಡ ಅಧ್ಯಯನ ಬಂತು. ಹೃದಯ ಪಂಪ್ ಮಾಡುವ ಶಕ್ತಿ 45 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದ್ದ, ಸೆಂಟ್ರಲ್ ಆಪ್ನಿಯಾ ಇದ್ದವರಿಗೆ ಈ ಮಷೀನ್ ಹಾಕಿದಾಗ ಹೃದಯದ ಕಾರಣಕ್ಕೆ ಸಾಯುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಅಷ್ಟು ದುಬಾರಿ, ಅಷ್ಟು ಬುದ್ಧಿಯ ಮಷೀನು, ತಪ್ಪಾದ ರೋಗಿಗೆ ಅಪಾಯ. ಅದಕ್ಕೇ ನಮ್ಮ ಅಣ್ಣನಿಗೆ ಒಳ್ಳೇದಾಯಿತು, ನನಗೂ ಅದನ್ನೇ ಕೊಡಿ ಅನ್ನುವವರಿಗೆ ನಾನು ಸ್ವಲ್ಪ ಗಟ್ಟಿಯಾಗೇ ಬೇಡ ಅನ್ನುತ್ತೇನೆ.

ಆಟೋ ಮಷೀನ್ ತಂದವರು ಒಂದು ಕಡೆ ಎಡವುತ್ತಾರೆ. ಡಬ್ಬದಿಂದ ತೆಗೆದಾಗ ಒತ್ತಡ 4ರಿಂದ 20 ಅಂತ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಹಾಗೇ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ. 4ರಲ್ಲಿ ಶುರುವಾದರೆ ಕೆಲವರಿಗೆ ಉಸಿರು ಕಟ್ಟಿದ ಹಾಗಾಗಿ ಮಾಸ್ಕ್ ಕಿತ್ತು ಹಾಕುತ್ತಾರೆ. ಮಧ್ಯರಾತ್ರಿ ಲೀಕ್ ಆಗಿ ಒತ್ತಡ ಮೇಲಕ್ಕೆ ಓಡಿದರೆ ಹೊಟ್ಟೆಗೆ ಗಾಳಿ ತುಂಬಿ ಎಚ್ಚರವಾಗುತ್ತದೆ. ಒಂದೆರಡು ವಾರ ಹಾಕಿದ ಮೇಲೆ ಮಷೀನ್‌ನ ದಾಖಲೆ ನೋಡಿದರೆ ರಾತ್ರಿಯ ಹೆಚ್ಚಿನ ಭಾಗ ಎಷ್ಟು ಒತ್ತಡ ಬೇಕಾಯಿತು ಅಂತ ತಿಳಿಯುತ್ತದೆ. ಉದಾಹರಣೆಗೆ 9 ಬೇಕಾಗಿದ್ದರೆ ವೈದ್ಯರು 7ರಿಂದ 12 ಅಂತ ಕಟ್ಟಿಕೊಡಬಹುದು. ಈ ಒಂದು ಬದಲಾವಣೆಯಿಂದ ಮಷೀನ್ ಬೇಡವೇ ಬೇಡ ಅಂದವರು ಹಾಕಿಕೊಳ್ಳಲು ಶುರು ಮಾಡಿದ್ದನ್ನು ನೋಡಿದ್ದೇನೆ. ಹಾಗಾಗಿ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು: ದಾಖಲೆ ಪೂರ್ತಿ ಸಿಗುತ್ತದಾ? ಎಸ್‌ಡಿ ಕಾರ್ಡ್ ಇರಲಿ, ಮೊಬೈಲ್ ಆ್ಯಪ್ ಇರಲಿ, ಎಷ್ಟು ಗಂಟೆ ಹಾಕಿದಿರಿ, ಲೀಕ್ ಎಷ್ಟು, ಮಷೀನ್ ಹಾಕಿದ ಮೇಲೂ ಉಳಿದ ಎಎಚ್‌ಐ ಎಷ್ಟು ಅನ್ನುವ ಮೂರೂ ಕಾಣಬೇಕು. ಬರೀ ಗಂಟೆ ತೋರಿಸುವ ಮಷೀನ್ ಎಷ್ಟೇ ಅಗ್ಗವಾದರೂ ತಗೋಬೇಡಿ.

ಇನ್ನು ಮಾಸ್ಕು. ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ.

ಮೂರು ಬಗೆ ಇದೆ. ಮೂಗಿನ ಹೊಳ್ಳೆಯೊಳಗೆ ಸ್ವಲ್ಪ ಕೂರುವ ಪಿಲ್ಲೋ, ಮೂಗನ್ನು ಮುಚ್ಚುವ ನೇಸಲ್, ಮೂಗು ಬಾಯಿ ಎರಡೂ ಮುಚ್ಚುವ ಫುಲ್ ಫೇಸ್. ನಮ್ಮಲ್ಲಿ ಫುಲ್ ಫೇಸ್ ಕೊಡುವುದು ಜಾಸ್ತಿ, ಬಾಯಿ ತೆರೆದು ಮಲಗುತ್ತೇನೆ ಅಂತ ಬಹಳ ಜನ ಹೇಳುವುದರಿಂದ. ಮೂಗು ತೆರೆದಿದ್ದರೆ ನಾನು ಮೊದಲು ನೇಸಲ್ ಹಾಕಿ ನೋಡುತ್ತೇನೆ. ಫುಲ್ ಫೇಸ್‌ಗೆ ಅಂಚು ಉದ್ದ, ಹಾಗಾಗಿ ಲೀಕ್ ಆಗುವ ಜಾಗವೂ ಜಾಸ್ತಿ, ಸಾಮಾನ್ಯವಾಗಿ ಒತ್ತಡವೂ ಜಾಸ್ತಿ ಬೇಕಾಗುತ್ತದೆ. ಬಾಯಿ ತೆರೆಯುವುದಕ್ಕೆ ಕಾರಣ ಎಷ್ಟೋ ಸಲ ಕಟ್ಟಿದ ಮೂಗು. ಬೆಂಗಳೂರಲ್ಲಿ ಧೂಳು, ಅಲರ್ಜಿ ಯಾರಿಗಿಲ್ಲ ಹೇಳಿ? ಮೊದಲು ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ ಮೂಗು ಸರಿಮಾಡಿಸಿಕೊಂಡರೆ ಮಾಸ್ಕ್ ಆಯ್ಕೆಯೇ ಬದಲಾಗುತ್ತದೆ.

ಮಾಸ್ಕನ್ನು ಕುರ್ಚಿಯಲ್ಲಿ ಕೂತು ನೋಡಬೇಡಿ. ಮಲಗಿ. ಮಷೀನ್ ಚಾಲೂ ಮಾಡಿಸಿ, ನಿಮಗೆ ಬೇಕಾದ ಒತ್ತಡಕ್ಕೆ ಏರಿಸಿಸಿ, ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ. ಮಲಗಿದಾಗ ಕೆನ್ನೆ ಇಳಿದು ಮುಖದ ಆಕಾರವೇ ಬೇರೆಯಾಗುತ್ತದೆ. ಕಣ್ಣಿನ ಕಡೆ ಗಾಳಿ ಹೊಡೆದರೆ ಆ ಅಳತೆ ಸರಿಯಿಲ್ಲ. ಲೀಕ್ ಆದ ತಕ್ಷಣ ಪಟ್ಟಿ ಬಿಗಿ ಮಾಡುವುದು ಎಲ್ಲರ ಅಭ್ಯಾಸ. ಅದರಿಂದ ಮೂಗಿನ ಮೇಲೆ ಗಾಯವಾಗುತ್ತದೆ, ಲೀಕ್ ಹಾಗೇ ಇರುತ್ತದೆ. ಪಟ್ಟಿಯೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ ಇಟ್ಟು, ಮಷೀನ್ ಓಡುವಾಗಲೇ ಮಾಸ್ಕನ್ನು ಮುಖದಿಂದ ಸ್ವಲ್ಪ ಎತ್ತಿ ಮತ್ತೆ ಬಿಡಿ, ಸಿಲಿಕೋನ್ ತಾನೇ ಉಬ್ಬಿ ಕೂರುತ್ತದೆ.

ಕೆಲವು ಮಾತು ಪರದೇಶದ ಕಂಪನಿಗಳ ಪುಸ್ತಕದಲ್ಲಿ ಸಿಗುವುದಿಲ್ಲ, ನಮ್ಮ ಮುಖಗಳಿಂದ ಕಲಿತದ್ದು. ದಪ್ಪ ಮೀಸೆ, ಗಡ್ಡ ಇದ್ದವರಿಗೆ ಫುಲ್ ಫೇಸ್ ಅಂಚು ಕೂದಲ ಮೇಲೆ ಕೂತು ಸೋರುತ್ತದೆ, ಅಂಥವರಿಗೆ ಪಿಲ್ಲೋ ಬಹಳ ಸಲ ಹೊಂದುತ್ತದೆ. ಮೂಗುಬೊಟ್ಟು ಹಾಕುವ ಅಮ್ಮಂದಿರಿಗೆ ನೇಸಲ್ ಮಾಸ್ಕ್ ಒತ್ತಿ ನೋವಾಗುತ್ತದೆ. ಅದನ್ನು ತೆಗೆಯಿರಿ ಅಂತ ಹೇಳುವುದು ಸುಲಭ, ಎಷ್ಟೋ ಜನ ಮದುವೆಯಾದ ದಿನದಿಂದ ತೆಗೆದಿರುವುದಿಲ್ಲ. ಮೂಗಿನ ಪಕ್ಕ ಮುಟ್ಟದೆ ಕೆಳಗಿನಿಂದ ಕೂರುವ ಮಾದರಿಗಳಿವೆ, ಅವನ್ನು ತರಿಸಿ ತೋರಿಸಿ ಅಂತ ಮಾರುವವರನ್ನು ಕೇಳಿ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಪಟ್ಟಿ ಜಾರುತ್ತದೆ, ಮುಖದ ಎಣ್ಣೆ ಸಿಲಿಕೋನನ್ನು ಬೇಗ ಹಾಳು ಮಾಡುತ್ತದೆ. ಮಲಗುವ ಮೊದಲು ಮುಖ ತೊಳೆಯಿರಿ. ಬೆಳಿಗ್ಗೆ ಕುಶನ್, ಅಂದರೆ ಮುಖಕ್ಕೆ ತಾಗುವ ಸಿಲಿಕೋನ್ ಭಾಗ, ಒರೆಸಿ. ವಾರಕ್ಕೊಮ್ಮೆ ಪೈಪನ್ನೂ ಸೇರಿಸಿ ಸಾಧಾರಣ ಸೋಪ್ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಓಜೋನ್ ಕ್ಲೀನರ್ ಅಂತ ಮಾರುತ್ತಾರೆ, ಬೇಕಾಗಿಲ್ಲ. ಮತ್ತೊಂದು ಎಚ್ಚರಿಕೆ: ಕೆಲವು ಮಾಸ್ಕ್‌ಗಳ ಕೊಂಡಿಯಲ್ಲಿ ಆಯಸ್ಕಾಂತ ಇರುತ್ತದೆ. ಪೇಸ್‌ಮೇಕರ್ ಇದ್ದವರು, ಅವರ ಪಕ್ಕ ಮಲಗುವವರು ಅದನ್ನು ತಗೋಬಾರದು. 2022ರಿಂದ ಈಚೆಗೆ ಕಂಪನಿಗಳೇ ಈ ಎಚ್ಚರಿಕೆ ಕೊಟ್ಟಿವೆ.

ಇಷ್ಟೆಲ್ಲ ಮಾಸ್ಕ್ ಬಗ್ಗೆ ಯಾಕೆ ಅಂದರೆ, 2016ರಲ್ಲಿ ಸೇವ್ ಅನ್ನುವ ಅಧ್ಯಯನದ ಫಲಿತಾಂಶ ಬಂತು. ಭಾರತದವರೂ ಅದರಲ್ಲಿದ್ದರು, ಒಟ್ಟು 2,700ಕ್ಕೂ ಹೆಚ್ಚು ಜನ, ಎಲ್ಲರಿಗೂ ಮೊದಲೇ ಹೃದಯದ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಇತ್ತು. ಸಿಪ್ಯಾಪ್ ಕೊಟ್ಟವರಲ್ಲಿ ಹಗಲು ತೂಕಡಿಕೆ ಕಡಿಮೆಯಾಯಿತು, ಆದರೆ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಸಿಪ್ಯಾಪ್ ಪ್ರಯೋಜನ ಇಲ್ಲ ಅಂತ ಸುದ್ದಿಯಾಯಿತು. ಒಳಗೆ ನೋಡಿದರೆ ಅವರು ಮಷೀನ್ ಹಾಕಿಕೊಂಡದ್ದು ಸರಾಸರಿ ರಾತ್ರಿಗೆ 3.3 ಗಂಟೆ. ಅದೊಂದೇ ಕಾರಣ ಅಂತ ಹೇಳಲಾಗುವುದಿಲ್ಲ, ಆದರೆ ಲ್ಯಾಬ್‌ನಲ್ಲಿ ಕೂತು ನೋಡುವ ನನಗೆ ಆ ಸಂಖ್ಯೆ ಬಹಳ ಮಾತು ಹೇಳುತ್ತದೆ. ರೆಮ್ ನಿದ್ರೆ, ಅಂದರೆ ಕನಸಿನ ನಿದ್ರೆ, ರಾತ್ರಿಯ ಕೊನೆಯ ಭಾಗದಲ್ಲಿ ಜಾಸ್ತಿ. ಸ್ನಾಯುಗಳು ಅತಿ ಸಡಿಲವಾಗುವುದು, ಬಹಳ ಜನರಿಗೆ ಆಕ್ಸಿಜನ್ ಅತಿ ಕೆಳಗೆ ಇಳಿಯುವುದು ಆಗಲೇ. ಹನ್ನೊಂದಕ್ಕೆ ಹಾಕಿ ಮೂರು ಗಂಟೆಗೆ ಬಾತ್‌ರೂಮಿಗೆ ಎದ್ದಾಗ ತೆಗೆದಿಟ್ಟವರು ರಾತ್ರಿಯ ಅಪಾಯದ ಭಾಗವನ್ನು ಮಷೀನ್ ಇಲ್ಲದೆ ಕಳೆಯುತ್ತಾರೆ. ಬಾತ್‌ರೂಮಿಗೆ ಹೋಗುವಾಗ ಮಾಸ್ಕ್ ಬಿಚ್ಚಬೇಡಿ, ಪೈಪ್ ಮಾತ್ರ ಕಳಚುವ ಮಾದರಿ ತಗೊಳ್ಳಿ, ವಾಪಸ್ ಬಂದು ಸಿಕ್ಕಿಸಿ.

ಹಾಗಾದರೆ ಕೊಳ್ಳುವುದು ಹೇಗೆ? ಮೊದಲು ಬಾಡಿಗೆಗೆ ತನ್ನಿ. ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತವೆ. ಮಾಸ್ಕ್ ಮಾತ್ರ ಹೊಸದು, ನಿಮ್ಮದೇ. ಒಂದು ತಿಂಗಳ ದಾಖಲೆ ನೋಡಿ ಆಮೇಲೆ ಕೊಳ್ಳಿ. ಹೊಂದದಿದ್ದರೆ ಇಷ್ಟು ದಿನದೊಳಗೆ ಮಾಸ್ಕ್ ಬದಲಾಯಿಸಿ ಕೊಡುತ್ತೀರಾ ಅಂತ ಬಿಲ್ ಮೇಲೆ ಬರೆಸಿಕೊಳ್ಳಿ. ನಿಮ್ಮ ಊರಿಗೆ ಬಂದು ನೋಡುವ ಸರ್ವಿಸ್ ಇದೆಯಾ ಕೇಳಿ. ರೆಸ್‌ಮೆಡ್, ಫಿಲಿಪ್ಸ್, ಬಿಎಂಸಿ, ಇನ್ನೂ ಹಲವು ಕಂಪನಿಗಳಿವೆ. ಬಳ್ಳಾರಿಯಲ್ಲೋ ಶಿರಸಿಯಲ್ಲೋ ಇರುವವರಿಗೆ ಕುಶನ್, ಫಿಲ್ಟರ್ ಸುಲಭವಾಗಿ ಸಿಗುವ ಮಷೀನೇ ಮೇಲು, ಹೆಸರು ಯಾವುದಾದರೂ ಇರಲಿ.

ನಮ್ಮ ಊರುಗಳ ಹವೆಯನ್ನೂ ನೋಡಿಕೊಳ್ಳಬೇಕು. ಮಲೆನಾಡಿನ ಮಳೆಗಾಲದ ಚಳಿಯಲ್ಲಿ, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ನ ಬಿಸಿ ಹಬೆ ಪೈಪಿನಲ್ಲಿ ತಣ್ಣಗಾಗಿ ನೀರು ಮೂಗಿಗೆ ಬರುತ್ತದೆ. ಪೈಪಿಗೆ ಬಟ್ಟೆ ಕವಚ ಹಾಕಿ, ಮಷೀನನ್ನು ತಲೆಗಿಂತ ಕೆಳಗೆ ಇಡಿ, ಅಥವಾ ಬಿಸಿ ಪೈಪ್ ಇರುವ ಮಾದರಿ ತಗೊಳ್ಳಿ. ಕರಾವಳಿಯ ಸೆಕೆಯಲ್ಲಿ ಎಷ್ಟೋ ಜನಕ್ಕೆ ಹಬೆ ಬೇಕಾಗುವುದೇ ಇಲ್ಲ. ಬಯಲುಸೀಮೆಯಲ್ಲಿ ಬೇಕು, ಜೊತೆಗೆ ಫಿಲ್ಟರ್ ಬೇಗ ಕೊಳೆಯಾಗುತ್ತದೆ, ತೆಗೆದು ನೋಡುತ್ತಿರಿ. ಹ್ಯುಮಿಡಿಫೈಯರ್‌ಗೆ ಬೋರ್‌ವೆಲ್ ನೀರು ಹಾಕಬೇಡಿ, ತೊಟ್ಟಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಹಾಕಿ, ದಿನಾ ಚೆಲ್ಲಿ ಹೊಸದು ತುಂಬಿ.

ಆಮೇಲೆ ಸಭೆಯಿಂದ ಬಂದ ಪ್ರಶ್ನೆಗಳು.

ರಾತ್ರಿ ಕರೆಂಟ್ ಹೋದರೆ ಉಸಿರು ಕಟ್ಟುತ್ತದಾ ಅಂತ ಒಬ್ಬ ಅಮ್ಮ ಕೇಳಿದರು. ಇಲ್ಲಮ್ಮ. ಫುಲ್ ಫೇಸ್ ಮಾಸ್ಕ್‌ನಲ್ಲಿ ಗಾಳಿ ನಿಂತ ತಕ್ಷಣ ತೆರೆಯುವ ವಾಲ್ವ್ ಇರುತ್ತದೆ, ನೇಸಲ್ ಇದ್ದರೆ ಬಾಯಿ ತೆರೆದೇ ಇದೆ. ಮನೆಯ ಇನ್ವರ್ಟರ್‌ನಲ್ಲಿ ಮಷೀನ್ ಓಡುತ್ತದೆ. ಕರೆಂಟ್ ಜಾಸ್ತಿ ಎಳೆಯುವುದು ಹ್ಯುಮಿಡಿಫೈಯರ್, ಅದನ್ನು ಆಫ್ ಮಾಡಿದರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಬೇರೆ ಬ್ಯಾಟರಿ ತರುವುದಾದರೆ 12 ವೋಲ್ಟಾ 24 ವೋಲ್ಟಾ ಅಂತ ನೋಡಿ, ಮಷೀನ್‌ನಿಂದ ಮಷೀನ್‌ಗೆ ಬದಲಾಗುತ್ತದೆ.

ಮಗ ಅಮೆರಿಕದಿಂದ ಹಳೆ ಮಷೀನ್ ತರುತ್ತಾನಂತೆ, ತಗೋಬಹುದಾ? ವೋಲ್ಟೇಜ್ ತೊಂದರೆ ಸಾಮಾನ್ಯವಾಗಿ ಇಲ್ಲ, ಅಡಾಪ್ಟರ್ ಮೇಲೆ 100ರಿಂದ 240 ಅಂತ ಇರುತ್ತದೆ, ಓದಿ ನೋಡಿ. ಆದರೆ ವಾರಂಟಿ ಇಲ್ಲಿ ನಡೆಯುತ್ತದಾ ಅಂತ ಮೊದಲು ಕೇಳಿಕೊಳ್ಳಿ. ಮುಖ್ಯ ಮಾತು: 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಲಕ್ಷಗಟ್ಟಲೆ ಮಷೀನ್ ವಾಪಸ್ ಕರೆಯಿತು. ಸದ್ದು ತಗ್ಗಿಸಲು ಒಳಗಿಟ್ಟ ಫೋಮ್ ಪುಡಿಯಾಗಿ ಉಸಿರಿನ ದಾರಿಗೆ ಬರುವ ಸಾಧ್ಯತೆ ಇತ್ತು. ಮೊದಲ ತಲೆಮಾರಿನ ಡ್ರೀಮ್‌ಸ್ಟೇಷನ್ ಅದರಲ್ಲಿ ಸೇರಿತ್ತು. ಸೆಕೆಂಡ್ ಹ್ಯಾಂಡ್ ಯಾರೇ ಕೊಟ್ಟರೂ ಸೀರಿಯಲ್ ನಂಬರ್ ಹಾಕಿ ಪರೀಕ್ಷಿಸದೆ ಮುಖಕ್ಕೆ ಹಚ್ಚಬೇಡಿ.

ವಿಮೆ ಬರುತ್ತದಾ? ಎಷ್ಟೋ ಪಾಲಿಸಿಗಳು ಮನೆಗೆ ತರುವ ಮಷೀನ್‌ಗೆ ಹಣ ಕೊಡುವುದಿಲ್ಲ. ನಿಮ್ಮದರಲ್ಲಿ ಏನಿದೆ ಅಂತ ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿ. ಸಿಜಿಎಚ್‌ಎಸ್ ಅನ್ನುವ ಆರೋಗ್ಯ ಯೋಜನೆ ಇರುವ ಕೇಂದ್ರ ಸರ್ಕಾರದ ನಿವೃತ್ತರಿಗೆ ಒಂದು ಮಿತಿಯೊಳಗೆ ಸಿಗುತ್ತದೆ, ಆದರೆ ಮೊದಲು ಅನುಮತಿ ಪಡೆಯಬೇಕು, ಸ್ಲೀಪ್ ಸ್ಟಡಿ ರಿಪೋರ್ಟ್ ಕೇಳುತ್ತಾರೆ.

ಕೊನೆಗೆ ಹಿಂದಿನ ಸಾಲಿನ ಹುಡುಗನೊಬ್ಬ, ಸಾಫ್ಟ್‌ವೇರ್ ಕೆಲಸದವನಂತೆ, ಜೀವನಪೂರ್ತಿ ಹಾಕಬೇಕಾ ಅಂತ ಕೇಳಿದ. ಗಂಟಲು ಮುಚ್ಚುವಷ್ಟು ಕಾಲ ಹಾಕಬೇಕಪ್ಪ. ತೂಕ ಇಳಿದರೆ ಬಹಳ ಜನರಿಗೆ ಕಾಯಿಲೆ ಇಳಿಯುತ್ತದೆ, ಕೆಲವರಿಗೆ ಪೂರ್ತಿ ಹೋಗುತ್ತದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಬೊಜ್ಜು ಮತ್ತು ಮಧ್ಯಮ ಅಥವಾ ತೀವ್ರ ಆಪ್ನಿಯಾ ಎರಡೂ ಇರುವವರಿಗೆ ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿದೆ. ಸೌಮ್ಯ ಇದ್ದವರಿಗೆ ದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನ ಆಗಬಹುದು. ಆದರೆ ತೂಕ ಇಳಿಯಿತು, ಗೊರಕೆ ನಿಂತಿತು ಅಂತ ನೀನೇ ತೀರ್ಮಾನ ಮಾಡಿ ಮಷೀನ್ ಅಟ್ಟಕ್ಕೆ ಹಾಕಬೇಡ. ಗೊರಕೆ ಇಲ್ಲದೆಯೂ ಉಸಿರು ನಿಲ್ಲುತ್ತದೆ. ಇನ್ನೊಂದು ಸ್ಲೀಪ್ ಸ್ಟಡಿ ಮಾಡಿಸು, ಆ ರಿಪೋರ್ಟ್ ಹಿಡಿದು ನಿನ್ನ ವೈದ್ಯರ ಹತ್ತಿರ ಹೋಗು. ಅಲ್ಲಿಯವರೆಗೆ ದಿನಾ ಹಾಕಿಕೋ, ಮಧ್ಯಾಹ್ನ ಒಂದು ಗಂಟೆ ಮಲಗಿದರೂ ಹಾಕಿಕೋ.